ಸಾಲ ತೀರಿದ ಮೇಲೂ

ವಿಜಯನಗರದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇತ್ತು. ಸ್ಕೂಲ್ ಎಂದರೆ ದೊಡ್ಡದೇನಲ್ಲ. ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿಗೆ ಅಂಟಿಕೊಂಡ ಸಣ್ಣ ಕೋಣೆ, ಅದರಲ್ಲೊಂದು ಮೇಜು, ಹೊರಗೆ ಒಂದು ಬಿಳಿ ಕಾರು. ಕಲಿಸುವವಳು ನಾನೊಬ್ಬಳೇ. ಹೆಂಗಸರಿಗೆ ಮಾತ್ರ ಎಂದು ಬೋರ್ಡಿನಲ್ಲಿ ಬರೆಸಿದ್ದೆ. ಗಂಡನ ಹತ್ತಿರ ಕಲಿಯಲು ಹೋಗಿ ಜಗಳವಾಡಿಕೊಂಡವರು, ಬೇರೆ ಕಡೆ ಬೈಸಿಕೊಂಡು ಅರ್ಧಕ್ಕೇ ಬಿಟ್ಟವರು, ಮಕ್ಕಳ ಮದುವೆಯೆಲ್ಲ ಮುಗಿದ ಮೇಲೆ ಆಸೆ ಹುಟ್ಟಿದವರು, ಇಂಥವರೇ ನನ್ನಲ್ಲಿಗೆ ಬರುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂರುವ ನನ್ನ ಕಾಲಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತಿತ್ತು. ಹೊಸಬರು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಬೆವರುವಾಗ, "ಭಯ ಬೇಡ, ನಾನಿದೀನಲ್ಲ" ಎನ್ನುತ್ತಿದ್ದೆ. ದಿನಕ್ಕೆ ಅದೆಷ್ಟು ಸಲ ಹೇಳುತ್ತಿದ್ದೆನೋ. ಭಯ ಎನ್ನುವುದು ಬೇರೆಯವರಿಗೆ ಬರುವಂಥದ್ದು ಎಂದೇ ನನ್ನ ಎಣಿಕೆಯಾಗಿತ್ತು.

ಲಾಕ್‌ಡೌನ್ ಬಂದಾಗ ಕಾರು ತಿಂಗಳುಗಟ್ಟಲೆ ನಿಂತಿತು. ಆಮೇಲೆ ಎಲ್ಲ ತೆರೆದರೂ, ಗಾಜು ಏರಿಸಿದ ಕಾರಿನಲ್ಲಿ ಬೇರೆಯವರ ಪಕ್ಕ ಕೂರಲು ಬಹಳ ದಿನ ಯಾರಿಗೂ ಮನಸ್ಸಾಗಲಿಲ್ಲ. ಕಾರಿನ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ನನ್ನ ಗಂಡ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅಲ್ಲಿಯೂ ಸಂಬಳ ಅರ್ಧವಾಯಿತು. ಮನೆಯ ಖರ್ಚಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದೆವು. ಕಾರ್ಡಿನ ಬಾಕಿ ಏರಿತು. ಕೊನೆಗೊಂದು ತಿಂಗಳು ಕಂತು ಕಟ್ಟಲು ದಾರಿಯೇ ಕಾಣದೆ, ಇಬ್ಬರೂ ಊಟದ ಮೇಜಿನ ಮುಂದೆ ಕೂತು, ಫೋನಿನಲ್ಲಿ ಸಾಲ ಕೊಡುವ ಒಂದು ಆ್ಯಪ್ ಹಾಕಿಕೊಂಡೆವು. ಅದು ಏನೇನೋ ಅನುಮತಿ ಕೇಳಿತು. ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತುತ್ತಾ ಹೋದೆ. ಚಹಾ ಆರುವಷ್ಟರಲ್ಲಿ ದುಡ್ಡು ಬಂತು. ಎಷ್ಟು ಸುಲಭ ಅಂದುಕೊಂಡೆವು.

ವಾಪಸು ಕಟ್ಟುವುದು ಕೆಲವೇ ದಿನ ತಡವಾಯಿತು. ಒಂದು ಬೆಳಗ್ಗೆ ಚಂದ್ರಾ ಲೇಔಟಿನ ವಿದ್ಯಾರ್ಥಿನಿಯೊಬ್ಬರು ಫೋನ್ ಮಾಡಿ, ಮೇಡಂ, ನಿಮ್ಮ ಫೋನ್ ಯಾರೋ ಹ್ಯಾಕ್ ಮಾಡಿರಬೇಕು, ಒಂದು ಸಲ ನೋಡಿ ಎಂದರು. ಅವರ ದನಿಯಲ್ಲಿ ಏನೋ ಸಂಕೋಚ. ಅವರು ಕಳಿಸಿದ್ದನ್ನು ತೆರೆದು ನೋಡಿದರೆ ನನ್ನದೇ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ, ಇವಳು ಕಳ್ಳಿ, ಸಾಲ ತೆಗೆದುಕೊಂಡು ಓಡಿಹೋಗಿದ್ದಾಳೆ, ನಿಮ್ಮ ನಂಬರನ್ನು ಜಾಮೀನಿಗೆ ಕೊಟ್ಟಿದ್ದಾಳೆ ಎಂದಿತ್ತು.

ನನ್ನ ಫೋನಿನಲ್ಲಿ ಕಲಿತವರ, ಕಲಿಯುತ್ತಿದ್ದವರ, ಬರೀ ವಿಚಾರಿಸಿ ಹೋದವರ ನಂಬರೆಲ್ಲ ಇದ್ದವು. ಅಷ್ಟೂ ಜನಕ್ಕೆ ಅದು ಹೋಗಿತ್ತು. ಅತ್ತೆಗೆ, ಗ್ಯಾಸ್ ಸಿಲಿಂಡರ್ ತರುವವನಿಗೆ, ಮನೆಯ ಓನರಿಗೆ ಹೋಗಿತ್ತು. ಸ್ವಲ್ಪ ಹೊತ್ತಿನಲ್ಲೇ ಫೋನ್ ಬಿಸಿಯಾಯಿತು. ಒಂದಾದ ಮೇಲೊಂದು ಕರೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಏನಾದರೂ ಉತ್ತರ ಹೇಳುತ್ತಿದ್ದೆನೇನೋ. ನಾಳೆಯಿಂದ ಸ್ವಲ್ಪ ಊರಿಗೆ ಹೋಗ್ತಾ ಇದೀನಿ, ಮಂಡಿನೋವು ಜಾಸ್ತಿಯಾಗಿದೆ, ಮಗಳಿಗೆ ಪರೀಕ್ಷೆ, ಹೀಗೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿ ಕ್ಲಾಸು ಬಿಟ್ಟರು.

ಆ ಸಾಲವನ್ನು ಅಂದೇ ಯಾರದೋ ಕೈಕಾಲು ಹಿಡಿದು ತೀರಿಸಿದೆವು. ಪೊಲೀಸ್ ಠಾಣೆಗೂ ಹೋಗಿ ದೂರು ಕೊಟ್ಟೆವು. ಬರೆದುಕೊಂಡವರು, ಇಂಥದ್ದು ದಿನಾ ಬರುತ್ತದೆ, ಇನ್ನು ಒಂದು ರೂಪಾಯಿಯನ್ನೂ ಅವರಿಗೆ ಕೊಡಬೇಡಿ ಎಂದರು. ಆದರೂ ಕರೆಗಳು ನಿಲ್ಲಲು ಬಹಳ ದಿನ ಬೇಕಾಯಿತು. ಅರ್ಧ ಹಿಂದಿ, ಅರ್ಧ ಕನ್ನಡ. ಮೇಡಂ ಎಂದು ಶುರುವಾಗಿ, ನೀನು ಎಂಬಲ್ಲಿಗೆ ಇಳಿದು, ಆಮೇಲೆ ಬರೆಯಲಾರದ ಮಾತುಗಳಿಗೆ ಹೋಗುತ್ತಿತ್ತು. ಫೋನ್ ಮೇಜಿನ ಮೇಲೆ ಗುಂಯ್ ಎಂದರೆ ಅದರ ಮೇಲೆ ದಿಂಬು ಒತ್ತಿ ಆಚೆ ಕೋಣೆಗೆ ಹೋಗಿಬಿಡುತ್ತಿದ್ದೆ.

ಕ್ಲಾಸು ಬಿಡದೆ ಉಳಿದವರಲ್ಲಿ ಬಸವೇಶ್ವರನಗರದ ಆಂಟಿ ಒಬ್ಬರು. ಮೂಲ ದಾವಣಗೆರೆ ಕಡೆಯವರು, ಹಣೆಯ ಮೇಲೆ ಬೆಳಗ್ಗೆ ಹಚ್ಚಿದ ವಿಭೂತಿ ಸಂಜೆಯವರೆಗೂ ಇರುತ್ತಿತ್ತು. ಅರವತ್ತರ ಹತ್ತಿರದ ವಯಸ್ಸು. ಯಜಮಾನರಿಗೆ ಕಣ್ಣಿನ ದೃಷ್ಟಿ ಕಡಿಮೆಯಾಗುತ್ತಾ ಬಂದಿದ್ದರಿಂದ, ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ತಾನೇ ಕಾರು ಓಡಿಸುತ್ತೇನೆಂದು ಹಟ ಹಿಡಿದು ಕಲಿಯಲು ಬಂದಿದ್ದರು. ಗೇರು ಹಾಕುವಾಗಲೆಲ್ಲ ಕೆಳಗೆ ನೋಡುತ್ತಿದ್ದರು. ಆ ಮೆಸೇಜಿನ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಕಾರಿನ ಸಾಲ ಕೊಟ್ಟ ಕಂಪನಿಯಿಂದ ಆಗಲೇ ನೋಟಿಸುಗಳು ಬಂದಿದ್ದವು. ಇದ್ದಷ್ಟು ಕಟ್ಟುತ್ತಿದ್ದೆ, ಅದು ಬಡ್ಡಿಗೇ ಸರಿಹೋಗುತ್ತಿತ್ತು. ಒಂದು ಬೆಳಗ್ಗೆ ಆಂಟಿ ಸ್ಟೀರಿಂಗಿನ ಮುಂದೆ ಕೂತು, ಅವರ ಮನೆಯ ಹತ್ತಿರದ ಪಾರ್ಕಿನ ಸುತ್ತ ನಿಧಾನಕ್ಕೆ ಹೋಗುತ್ತಿದ್ದೆವು. ಒಂದು ಬೈಕು ನಮ್ಮನ್ನು ದಾಟಿ ಅಡ್ಡ ನಿಂತಿತು. ನಾನೇ ಬ್ರೇಕು ತುಳಿದೆ. ಎಲ್ ಬೋರ್ಡ್ ನೋಡಿ ಯಾರೋ ರೇಗಾಡಲು ಬಂದರು ಎಂದುಕೊಂಡೆ. ಇಬ್ಬರು ಇಳಿದರು. ಒಬ್ಬ ನನ್ನ ಕಿಟಕಿಯ ಹತ್ತಿರ ಬಗ್ಗಿ, ನನ್ನ ಹೆಸರು ಕೇಳಿ ಖಚಿತ ಮಾಡಿಕೊಂಡು, ಆ ಸಾಲದ ಕಂಪನಿಯ ಕಾಗದ ತೋರಿಸಿದ.

"ಗಾಡಿ ಸೈಡಿಗೆ ಹಾಕ್ಸಿ ಮೇಡಂ. ಕೀ ಕೊಡಿ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ದಿನಾ ಹಾಲಿನ ಪ್ಯಾಕೆಟ್ ಹಾಕಿ ಹೋಗುವವನಂತೆ ಮಾತಾಡಿದ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಇವರನ್ನು ಮನೆಗೆ ಬಿಟ್ಟು ಬರುತ್ತೇನೆ, ಆಮೇಲೆ ತೆಗೆದುಕೊಂಡು ಹೋಗಿ ಎಂದು ಕೇಳಿಕೊಂಡೆ. ಆಗುವುದಿಲ್ಲ, ನಮಗೂ ಮೇಲಿನಿಂದ ಫೋನ್ ಬರುತ್ತಿದೆ ಎಂದ. ಆಂಟಿ ಸ್ಟೀರಿಂಗ್ ಹಿಡಿದ ಕೈ ತೆಗೆಯಲಿಲ್ಲ.

"ನಾನು ದುಡ್ಡು ಕೊಟ್ಟು ಕೂತೀನಿ. ಕ್ಲಾಸ್ ಮುಗಿಯೋತನಕ ಇಳಿಯಲ್ಲ."

ರಸ್ತೆಯಲ್ಲಿ ವಾಕಿಂಗ್ ಮಾಡುತ್ತಿದ್ದವರು ನಿಂತು ನೋಡತೊಡಗಿದರು. ಇಳಿಯಿರಿ ಆಂಟಿ ಎಂದು ನಾನೇ ಅವರ ಕೈ ಹಿಡಿದು ಬೇಡಿಕೊಂಡೆ. ಅವರು ಕೊನೆಗೆ ಇಳಿದರು. ನಾನು ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದ ದಿಂಬು, ನೀರಿನ ಬಾಟಲಿ, ಒಂದು ಛತ್ರಿ, ಇವನ್ನೆಲ್ಲ ಅವನು ಒಂದು ಕವರಿಗೆ ತುಂಬಿ ನನ್ನ ಕೈಗೆ ಕೊಟ್ಟ. ಕಾರು ತಿರುವಿನಲ್ಲಿ ಮರೆಯಾಯಿತು. ಕಾಫಿ ಕುಡಿದು ಹೋಗಿ ಎಂದು ಆಂಟಿ ಕರೆದರು. ಬೇಡ ಎಂದೆ. ಬಸ್ಸು ಹತ್ತುವುದೂ ಹೊಳೆಯದೆ, ಆ ಕವರು ಹಿಡಿದುಕೊಂಡು ವಿಜಯನಗರದವರೆಗೆ ನಡೆದೇ ಹೋದೆ.

ಸ್ಕೂಲು ಮುಚ್ಚಿತು. ಬಾಡಿಗೆ ಕಡಿಮೆಯೆಂದು ಹೆಗ್ಗನಹಳ್ಳಿಯ ಒಂದು ಮಹಡಿ ಮನೆಗೆ ಬಂದೆವು. ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ, ಅದೊಂದು ಸಮಾಧಾನ. ಆದರೆ ಭಯ ನನ್ನ ಜೊತೆಗೇ ಮೆಟ್ಟಿಲು ಹತ್ತಿ ಬಂದಿತ್ತು. ಹಿಂದೆ ಬರುವ ಬೈಕು ಸ್ವಲ್ಪ ನಿಧಾನವಾದರೆ ಸಾಕು, ನಾನು ಹತ್ತಿರದ ಅಂಗಡಿಯೊಳಗೆ ಹೋಗಿ ಬೇಡದ ಸಾಮಾನಿನ ಬೆಲೆ ಕೇಳುತ್ತಾ ನಿಲ್ಲುತ್ತಿದ್ದೆ. ಬಾಗಿಲ ಬೆಲ್ಲಿನ ವೈರನ್ನು ನಾನೇ ಕಿತ್ತು ಹಾಕಿದೆ. ಸೊಪ್ಪಿನವಳು ಬಾಗಿಲು ಬಡಿದರೂ ಮೊದಲು ಒಳಗಿನಿಂದ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದೆ. ಯಾರ ಮನೆಯ ಶುಭಕಾರ್ಯಕ್ಕೂ ಹೋಗುತ್ತಿರಲಿಲ್ಲ. ಅಲ್ಲಿ ಕೂತವರಲ್ಲಿ ಯಾರ ಫೋನಿನಲ್ಲಿ ನನ್ನ ಆ ಫೋಟೋ ಇದೆಯೋ ಎಂಬುದೇ ತಲೆಯಲ್ಲಿ. ಕಾರನ್ನು ಹರಾಜು ಹಾಕಿ ಬಂದದ್ದು ಸಾಲಕ್ಕೆ ಸಾಲಲಿಲ್ಲ, ಉಳಿದದ್ದನ್ನು ಕಟ್ಟಿ ಎಂದು ಮತ್ತೊಂದು ನೋಟಿಸು ಬಂತು. ಕಾರು ಹೋದರೆ ಸಾಲವೂ ಹೋಯಿತು ಅಂದುಕೊಂಡಿದ್ದವಳು ನಾನು.

ಆಂಟಿ ನನ್ನನ್ನು ಹುಡುಕಿಕೊಂಡು ಬಂದದ್ದು ಆಗ. ಜೆರಾಕ್ಸ್ ಅಂಗಡಿಯವರಿಂದ ವಿಳಾಸ ತೆಗೆದುಕೊಂಡು, ಆಟೋ ಮಾಡಿಕೊಂಡು ಬಂದಿದ್ದರು. ಬಡಿದರೆ ನಾನು ತೆಗೆಯಲಿಲ್ಲ. ಕೆಳಗಿಳಿದು ಹೋಗಿ ರಸ್ತೆಯಲ್ಲಿ ನಿಂತು, ಮೇಡಂ, ಮೇಡಂ ಎಂದು ಗಟ್ಟಿಯಾಗಿ ಕೂಗತೊಡಗಿದರು. ಬೀದಿಯವರೆಲ್ಲ ನೋಡುತ್ತಾರೆಂದು ಓಡಿ ಹೋಗಿ ಕರೆದುಕೊಂಡು ಬಂದೆ. ಒಳಗೆ ಕೂತು ನೀರು ಕುಡಿದು, ನನ್ನ ಕ್ಲಾಸು ಇನ್ನೂ ಬಾಕಿ ಇದೆ ಎಂದರು. ಆ ದುಡ್ಡು ವಾಪಸು ಕೇಳಲು ಬಂದರೇನೋ ಎಂದುಕೊಂಡೆ. ಅವರು ಬಂದದ್ದು ಅದಕ್ಕಲ್ಲ. ಯಜಮಾನರ ಕಾರು ಮನೆಯಲ್ಲಿ ಧೂಳು ಹಿಡಿದು ನಿಂತಿದೆ, ಅದರಲ್ಲೇ ಕಲಿಸಿ ಎಂದರು.

ಆ ಕಾರಿನಲ್ಲಿ ನನ್ನ ಕಡೆ ಬ್ರೇಕು ಇರುವುದಿಲ್ಲ, ಅಪಾಯ ಎಂದೆ.

"ನನ್ನ ಕಾಲ ಕೆಳಗೆ ಇರ್ತದಲ್ಲ. ಅದನ್ನ ತುಳಿಯೋದು ಕಲಿಸ್ರಿ."

ಮರುದಿನದಿಂದ ಕಲಿಸಲು ಹೋದೆ. ಕಲಿಯುವವರಿಗಿಂತ ನಾನೇ ಹೆಚ್ಚು ಹೆದರಿದ್ದೆ. ಎಡಗೈಯಲ್ಲಿ ಬಾಗಿಲ ಹಿಡಿ, ಬಲಗೈ ಹ್ಯಾಂಡ್‌ಬ್ರೇಕಿನ ಮೇಲೆ. ಅನ್ನಪೂರ್ಣೇಶ್ವರಿ ನಗರದ ಖಾಲಿ ರಸ್ತೆಗಳಲ್ಲಿ ಮೊದಲು ಓಡಿಸಿದೆವು. ಆಮೇಲೆ ಮಾಗಡಿ ರಸ್ತೆ. ಒಂದು ಸಲ ಬಸ್ಸಿನ ಹಿಂದೆ ಇನ್ನೇನು ಹೋಗಿ ಗುದ್ದಬೇಕು, ನಾನು ಕಣ್ಣು ಮುಚ್ಚಿಬಿಟ್ಟೆ. ತೆರೆದಾಗ ಕಾರು ನಿಂತಿತ್ತು. ಆಂಟಿಯೇ ನಿಲ್ಲಿಸಿದ್ದರು. ಕಲಿಸುವವರು ಕಣ್ಣು ಮುಚ್ಚಿದರೆ ಹೇಗೆ ಎಂದು ನನ್ನನ್ನೇ ಕೇಳಿದರು. ಲೈಸೆನ್ಸ್ ಬಂದ ಮೇಲೆ ತಮ್ಮ ಪರಿಚಯದ ಇನ್ನಿಬ್ಬರನ್ನು ನನಗೆ ಕಳಿಸಿದರು. ಸ್ವಂತ ಕಾರಿದ್ದೂ ಓಡಿಸಲು ಬಾರದ ಹೆಂಗಸರು ಆ ಕಡೆಯಲ್ಲೆಲ್ಲ ಬಹಳ ಇದ್ದಾರೆಂದು ಆಗ ನನಗೆ ಗೊತ್ತಾಯಿತು. ಅವರವರ ಕಾರಿನಲ್ಲೇ ಕಲಿಸುವ ಕೆಲಸ ಮೆಲ್ಲಗೆ ಕುದುರಿತು.

ದುಡ್ಡು ಸ್ವಲ್ಪ ಬರುವಂತಾದ ಮೇಲೆ, ದಿನಾ ಫೋನ್ ಮಾಡಿ ಬಾಕಿ ಕೇಳುತ್ತಿದ್ದ ಕಾರಿನ ಸಾಲದ ಕಂಪನಿಯಿಂದ ಒಂದು ಕರೆ ಬಂತು. ಉಳಿದ ಬಾಕಿಯಲ್ಲಿ ಅರ್ಧ ಕಟ್ಟಿದರೆ ಸಾಕು, ಸೆಟಲ್ ಮಾಡಿ ಮುಗಿಸಿಬಿಡುತ್ತೇವೆ ಎಂದರು. ನನಗೆ ಕುಣಿದಾಡುವಂತಾಯಿತು. ಗಂಡ ಮಾತ್ರ, ಯಾರನ್ನಾದರೂ ಕೇಳಿ ಕಟ್ಟೋಣ ಎಂದರು. ಸುಂಕದಕಟ್ಟೆಯ ಹತ್ತಿರ ನಮ್ಮ ಉಳಿತಾಯ ಖಾತೆ ಇದ್ದ ಬ್ಯಾಂಕಿಗೆ ಹೋದೆವು. ಸಾಲದ ವಿಭಾಗದಲ್ಲಿ ನನಗಿಂತ ಚಿಕ್ಕ ವಯಸ್ಸಿನ ಒಬ್ಬ ಮೇಡಂ ಇದ್ದರು. ನಮ್ಮ ಹಿಂದೆ ಸಾಲು ನಿಂತಿತ್ತು, ಅವರು ಬೇಗ ಬೇಗ ಮಾತಾಡಿದರು. ಅರ್ಧ ಕಟ್ಟಿದರೆ ಸಾಲ ಮುಗಿಯುತ್ತದೆ, ಆದರೆ ನಿಮ್ಮ ಸಾಲಗಳ ಚರಿತ್ರೆ ನೋಡಿ ಸ್ಕೋರು ಕೊಡುವ ಕ್ರೆಡಿಟ್ ರಿಪೋರ್ಟಿನಲ್ಲಿ ಸೆಟಲ್ಡ್ ಎಂದು ಬರುತ್ತದೆ, ಅಂದರೆ ಇವರು ಪೂರ್ತಿ ಕಟ್ಟಲಿಲ್ಲ ಎಂದು ಲೆಕ್ಕ; ಮುಂದೆ ಸಾಲ ಕೇಳಿದ ಕಡೆಯಲ್ಲೆಲ್ಲ ಅದು ಕಾಣುತ್ತದೆ. ಪೂರ್ತಿ ಕಟ್ಟಿದರೆ ಕ್ಲೋಸ್ಡ್ ಎಂದು ಬರುತ್ತದೆ. "ಎರಡೂ ಒಂದೇ ಅಲ್ಲ" ಎಂದು ಹೇಳಿ ಮುಂದಿನವರನ್ನು ಕರೆದರು.

ಮನೆಗೆ ಬರುತ್ತಾ ದಾರಿಯಲ್ಲೇ ನಾನು ಅತ್ತೆ. ನನಗೆ ಇನ್ನು ಯಾವ ಸಾಲವೂ ಬೇಡ, ಸ್ಕೋರೂ ಬೇಡ, ಯಾವ ರಿಪೋರ್ಟಿನಲ್ಲಿ ಏನಾದರೂ ಬರಲಿ, ಅರ್ಧ ಕಟ್ಟಿ ಈ ಫೋನು ನಿಂತರೆ ಸಾಕು ಎಂದೆ. ಬಸ್‌ಸ್ಟಾಪಿಗೆ ಬಂದೆವು. ಗಂಡ ನನ್ನ ಫೋನ್ ಇಸಿದುಕೊಂಡು, ಅದರ ಕವರು ತೆಗೆದು, ಮೊನೆಯಿಂದ ಚುಚ್ಚಿ ಸಿಮ್ಮು ತೆಗೆಯಲು ನನ್ನ ಕಿವಿಯೋಲೆಯನ್ನೂ ಕೇಳಿದರು.

"ಪೂರ್ತಿ ಕಟ್ಟೋಣ ಕಣೇ. ಇನ್ನೊಂದಷ್ಟು ತಿಂಗಳು ಫೋನ್ ಬರುತ್ತೆ, ಅಷ್ಟೇ ತಾನೆ? ಬರ್ಲಿ. ನಾನು ಎತ್ತೀನಿ."

ಆ ಸಿಮ್ಮು ಅವರ ಫೋನಿಗೆ ಹೋಯಿತು. ನನಗೆ ಹೊಸ ನಂಬರು ಬಂತು. ಫ್ಯಾಕ್ಟರಿಯ ಗೇಟಿನ ಹೊರಗೆ ನಿಂತು ಊಟದ ಹೊತ್ತಿನಲ್ಲಿ ಅವರು ಆ ಕರೆಗಳನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರಂತೆ. ಮನೆಗೆ ಬಂದು ಒಂದು ದಿನವೂ ಅದರ ಮಾತೆತ್ತಲಿಲ್ಲ. ಅವರ ಮುಖ ನೋಡಿ ಇವತ್ತು ಎಂಥ ಕರೆ ಬಂದಿತ್ತೆಂದು ಊಹಿಸಲು ನೋಡುತ್ತಿದ್ದೆ. ಗೊತ್ತಾಗುತ್ತಿರಲಿಲ್ಲ. ಅವರ ಪಿಎಫ್‌ನಿಂದ ಸ್ವಲ್ಪ, ನನ್ನ ಬಳೆಗಳಿಂದ ಸ್ವಲ್ಪ, ಕ್ಲಾಸಿನ ದುಡ್ಡಿನಿಂದ ಉಳಿದದ್ದು, ಹೀಗೆ ಮೊದಲು ಕಾರ್ಡು, ಆಮೇಲೆ ಕಾರಿನ ಬಾಕಿ ತೀರಿತು. ಬಾಕಿ ಏನೂ ಇಲ್ಲ ಎಂಬ ಪತ್ರವನ್ನು ಕಂಪನಿಯ ಕಚೇರಿಗೆ ಮತ್ತೆ ಮತ್ತೆ ಅಲೆದು ತೆಗೆದುಕೊಂಡೆವು.

ಸಾಲ ತೀರಿದ ದಿನ ಹಗುರವಾಗುತ್ತೇನೆ ಎಂದುಕೊಂಡಿದ್ದೆ. ಆಗಲಿಲ್ಲ. ಕೆಲವು ತಿಂಗಳ ಮೇಲೆ ರಿಪೋರ್ಟು ತೆಗೆಸಿ ನೋಡಿದರೆ, ಅಂದೇ ತೀರಿಸಿದ್ದ ಆ ಆ್ಯಪಿನ ಸಾಲ ಇನ್ನೂ ಬಾಕಿ ಎಂದೇ ಇತ್ತು. ಮತ್ತೆ ಅವರು ಬರುತ್ತಾರೆ, ಮತ್ತೆ ಆ ಫೋಟೋ ಎಲ್ಲರಿಗೂ ಹೋಗುತ್ತದೆ ಎಂದೇ ಅನ್ನಿಸಿತು. ಆ ದಿನಗಳಲ್ಲೇ ಯಾರೋ ಒಬ್ಬ ಫೋನ್ ಮಾಡಿ, ಇಷ್ಟು ಕೊಟ್ಟರೆ ರಿಪೋರ್ಟಿನಿಂದ ಎಲ್ಲವನ್ನೂ ಅಳಿಸಿ ಕೊಡುತ್ತೇನೆ, ವಾರದಲ್ಲಿ ಸ್ಕೋರು ಏರಿಸುತ್ತೇನೆ ಎಂದ. ಕೊಡಲು ಮನಸ್ಸು ಓಡಿತ್ತು. ಬ್ಯಾಂಕಿನ ಮೇಡಂಗೆ ಹೇಳಿದಾಗ, ಹಾಗೆ ಅಳಿಸಲು ಯಾರಿಂದಲೂ ಆಗದು, ತಪ್ಪಾಗಿ ಬಂದದ್ದನ್ನು ಸರಿಪಡಿಸಲು ದುಡ್ಡೂ ಬೇಕಿಲ್ಲ, ನೀವೇ ಆನ್‌ಲೈನಿನಲ್ಲಿ ದೂರು ಹಾಕಿ ಎಂದರು. ಕಟ್ಟಿದ್ದಕ್ಕೆ ಇದ್ದ ರಸೀದಿ ಹಾಕಿ ದೂರು ಕೊಟ್ಟೆವು. ವಾರಗಳು ಕಳೆದ ಮೇಲೆ ಅದು ಸರಿಯಾಯಿತು.

ಸ್ಕೋರು ಏರಬೇಕಾದರೆ ಸುಮ್ಮನೆ ಇದ್ದರೆ ಸಾಲದು, ಸ್ವಲ್ಪ ಸಾಲ ಮಾಡಿ ಸರಿಯಾಗಿ ತೀರಿಸಿ ತೋರಿಸಬೇಕು ಎಂದು ಅದೇ ಮೇಡಂ ಹೇಳಿದಾಗ, ಹಾವು ಕಚ್ಚಿದವಳ ಕೈಗೆ ಇನ್ನೊಂದು ಹಾವು ಕೊಟ್ಟಂತೆ ಅನ್ನಿಸಿತು. ಬ್ಯಾಂಕಿನಲ್ಲಿ ಒಂದು ಸಣ್ಣ ಡಿಪಾಸಿಟ್ ಇಟ್ಟರೆ ಅದರ ಮೇಲೆ ಒಂದು ಕಾರ್ಡು ಕೊಡುತ್ತಾರಂತೆ. ನಮ್ಮ ದುಡ್ಡೇ ಜಾಮೀನು. ಮಾಡಿಸಿದೆವು. ಕಾರ್ಡು ಬಂದ ಮೇಲೆ ಎಷ್ಟೋ ದಿನ ಅದನ್ನು ಬೀರುವಿನಿಂದ ಹೊರಗೆ ತೆಗೆಯಲಿಲ್ಲ. ಆಮೇಲೆ ತಿಂಗಳಿಗೊಮ್ಮೆ ದಿನಸಿಗೆ ಮಾತ್ರ ಬಳಸತೊಡಗಿದೆ. ಅಂಗಡಿಯಿಂದ ಬಂದ ಕೂಡಲೇ, ಬಿಲ್ಲು ಬರುವುದಕ್ಕೂ ಮುಂಚೆ ಕಟ್ಟಿಬಿಡುತ್ತಿದ್ದೆ. ಬಿಲ್ಲು ಬಂದ ಮೇಲೆ ಕಟ್ಟು, ಆಗಲೇ ಲೆಕ್ಕಕ್ಕೆ ಬರೋದು ಎಂದು ಗಂಡ ಹೇಳಿದರೂ ಕೇಳುತ್ತಿರಲಿಲ್ಲ. ಅಷ್ಟು ದಿನ ಸಾಲವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಒಂದು ತಿಂಗಳು ಕಟ್ಟಿದ ದುಡ್ಡು ಖಾತೆಯಿಂದ ಹೋಯಿತು, ಕಾರ್ಡಿಗೆ ಸೇರಲಿಲ್ಲ. ಏನೋ ಸರ್ವರ್ ಸಮಸ್ಯೆ. ಸಾರು ಕುದಿಯುತ್ತಿದ್ದ ಒಲೆಯನ್ನು ಹಾಗೇ ಆರಿಸಿ, ಉಟ್ಟ ನೈಟಿಯ ಮೇಲೆ ದುಪಟ್ಟಾ ಹೊದ್ದು ಬ್ಯಾಂಕಿಗೆ ಓಡಿದೆ. ಸಂಜೆಯೊಳಗೆ ತಾನಾಗಿ ಸರಿಹೋಗುತ್ತದೆ ಎಂದರು. ಸರಿಹೋಯಿತು. ಅಲ್ಲಿಯವರೆಗೆ ಬ್ಯಾಂಕಿನ ಎದುರಿನ ಕಟ್ಟೆಯ ಮೇಲೆ ಕೂತೇ ಇದ್ದೆ.

ಹೀಗೆ ವರ್ಷದ ಮೇಲಾಯಿತು. ಸ್ಕೋರು ಒಂದು ಮಟ್ಟಕ್ಕೆ ಬಂತು. ಸ್ವಂತ ಕಾರಿಲ್ಲದ ಹೆಂಗಸರೂ ಕಲಿಸಿ ಎಂದು ಕೇಳುತ್ತಿದ್ದರು; ನನಗೂ ನನ್ನ ಕಾಲ ಕೆಳಗೆ ಬ್ರೇಕಿರುವ ಕಾರು ಬೇಕಿತ್ತು. ಸೆಕೆಂಡ್ ಹ್ಯಾಂಡ್ ಕಾರೊಂದನ್ನು ನೋಡಿ, ಅದೇ ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದೆವು. ಅರ್ಜಿ ಹಾಕಿದ ದಿನದಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ. ಕೊಡುವುದಿಲ್ಲ ಎಂದರೆ ಎಂದು ಒಂದು ಹೆದರಿಕೆ, ಕೊಟ್ಟುಬಿಟ್ಟರೆ ಎಂದು ಇನ್ನೊಂದು.

ಒಂದು ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದೆ. ಕೆಳಗೆ ಬೈಕು ನಿಂತ ಸದ್ದಾಯಿತು. ಕಿಟಕಿಯ ಪರದೆ ಸರಿಸಿ ನೋಡಿದೆ. ಇಬ್ಬರು ಗಂಡಸರು, ಒಬ್ಬನ ಕೈಯಲ್ಲಿ ಕಾಗದ. ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು. ನನ್ನ ಪೂರ್ತಿ ಹೆಸರು ಹಿಡಿದು ಕರೆದರು. ನಾನು ಅಡುಗೆಮನೆಗೆ ಹೋಗಿ, ಸಿಂಕಿನ ಪಕ್ಕ ನೆಲದ ಮೇಲೆ ಕೂತು, ಸೆರಗನ್ನು ಬಾಯಿಗೆ ಅದುಮಿಕೊಂಡೆ. ಯಾವ ಸಾಲವೂ ಬಾಕಿ ಇಲ್ಲ ಎಂದು ನನಗೆ ಗೊತ್ತಿತ್ತು. ಕಾಗದಗಳೆಲ್ಲ ಬೀರುವಿನಲ್ಲೇ ಇದ್ದವು. ಆದರೂ ಎದ್ದು ಹೋಗಿ ಚಿಲಕ ತೆಗೆಯಲಿಲ್ಲ. ಕೆಳಗಿನ ಮನೆಯಾಕೆ ಹೊರಗೆ ಬಂದು ಅವರೊಡನೆ ಮಾತಾಡಿದ್ದು ಕೇಳಿಸಿತು. ಆಕೆಗೆ ನಮ್ಮ ಹಿಂದಿನ ಕಥೆ ಅಲ್ಪಸ್ವಲ್ಪ ಗೊತ್ತಿತ್ತು. ನನ್ನನ್ನು ಉಳಿಸಬೇಕೆಂದು, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ಎಂದೋ ಖಾಲಿ ಮಾಡಿಕೊಂಡು ಹೋದರು ಎಂದುಬಿಟ್ಟರು. ಬೈಕು ಹೊರಟುಹೋಯಿತು. ಆಮೇಲೆ ಆಕೆ ಮೇಲೆ ಬಂದು, "ಕಳಿಸ್ಬಿಟ್ಟೆ, ಹೆದರ್ಕೋಬೇಡಿ" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಅವರು ಬ್ಯಾಂಕು ಕಳಿಸಿದವರೆಂದು ಗೊತ್ತಾದದ್ದು ಮರುದಿನ. ಸಾಲ ಕೊಡುವ ಮುಂಚೆ ಅರ್ಜಿದಾರರು ನಿಜವಾಗಿ ಆ ವಿಳಾಸದಲ್ಲಿ ಇದ್ದಾರೆಯೇ ಎಂದು ನೋಡಿಕೊಂಡು ಹೋಗಲು ಬಂದಿದ್ದರು. ಇಂಥವರು ಇಲ್ಲಿ ಇಲ್ಲ, ಮನೆ ಖಾಲಿ ಮಾಡಿದ್ದಾರೆ ಎಂದು ಬರೆದುಕೊಟ್ಟಿದ್ದರು. ಬ್ಯಾಂಕಿನ ಮೇಡಂ ಫೋನ್ ಮಾಡಿದಾಗ ಅವರ ದನಿ ಗಡುಸಾಗಿತ್ತು. ವಿಳಾಸ ಸುಳ್ಳು ಕೊಟ್ಟಿದ್ದೀರಾ ಎಂದು ಕೇಳಿದರು. ಬರುತ್ತೇನೆ ಎಂದಷ್ಟೇ ಹೇಳಿ ಬ್ಯಾಂಕಿಗೆ ಹೋದೆ.

ಊರಿಗೆ ಹೋಗಿದ್ದೆ, ಆಸ್ಪತ್ರೆಯಲ್ಲಿದ್ದೆ, ಕೆಳಗಿನವರಿಗೆ ಹೆಸರು ಸರಿಯಾಗಿ ಕೇಳಿಸಲಿಲ್ಲ, ಹೀಗೆ ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡಿದ್ದೆ. ಅವರ ಮೇಜಿನ ಮುಂದೆ ಕೂತಾಗ ಅದೊಂದೂ ನಾಲಗೆಗೆ ಬರಲಿಲ್ಲ.

"ನಾನು ಒಳಗೇ ಇದ್ದೆ ಮೇಡಂ. ಬಾಗಿಲು ತೆಗೀಲಿಲ್ಲ."

"ಯಾಕೆ?"

"ಭಯ ಆಯ್ತು."

ಆಕೆ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಹಿಂದೆ ಸಾಲು ಇದ್ದರೂ ಆ ದಿನ ಅವಸರ ಮಾಡಲಿಲ್ಲ. ಪಾರ್ಕಿನ ಹತ್ತಿರ ಕಾರು ತೆಗೆದುಕೊಂಡು ಹೋದದ್ದು, ಆ ಫೋಟೋ, ಕಿತ್ತು ಹಾಕಿದ ಬೆಲ್ಲು, ಎಲ್ಲವನ್ನೂ ಹೇಳಿದೆ. ಇದನ್ನೆಲ್ಲ ಕೇಳಿದ ಮೇಲೆ ಇಂಥವಳಿಗೆ ಯಾರು ಸಾಲ ಕೊಡುತ್ತಾರೆ ಎಂದು ಹೇಳುತ್ತಲೇ ಅನ್ನಿಸುತ್ತಿತ್ತು; ಆದರೆ ಮಾತು ನಿಲ್ಲಲಿಲ್ಲ. ಆಕೆ ಕಂಪ್ಯೂಟರಿನಲ್ಲಿ ಏನೋ ನೋಡಿದರು. ನಾನು ಒಂದು ತಿಂಗಳೂ ತಪ್ಪದೆ ಕಟ್ಟಿದ್ದ ಕಾರ್ಡಿನ ಲೆಕ್ಕವಿರಬೇಕು.

"ಇನ್ನೊಂದ್ಸಲ ಕಳಿಸ್ತೀನಿ. ಆದ್ರೆ ಬಾಗಿಲು ನೀವೇ ತೆಗೀಬೇಕು."

ಎರಡನೆಯ ಸಲ ಬರುವ ದಿನ ಗಂಡ ರಜೆ ಹಾಕುತ್ತೇನೆ ಎಂದರು. ಬೇಡ ಎಂದೆ. ಹೇಳಿದ ಮೇಲೆ ನನಗೇ ಪಶ್ಚಾತ್ತಾಪವಾಯಿತು, ಆದರೆ ಅವರು ಅಷ್ಟರಲ್ಲಿ ಹೊರಟಾಗಿತ್ತು. ಬೆಳಗ್ಗೆಯಿಂದ ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡು ಕೂತೆ. ಬೈಕಿನ ಸದ್ದು ಕೇಳಿದಾಗ, ಅವರು ಬಡಿಯುವ ಮುಂಚೆಯೇ ತೆಗೆದುಬಿಡೋಣ ಎಂದು ಚಿಲಕಕ್ಕೆ ಕೈ ಹಾಕಿದರೆ ಬೆರಳು ಜಾರುತ್ತಿತ್ತು. ತೆಗೆದೆ. ಒಬ್ಬರೇ ಬಂದಿದ್ದರು. ನಡುವಯಸ್ಸಿನವರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಎಷ್ಟು ವರ್ಷದಿಂದ ಇದ್ದೀರಿ, ಬಾಡಿಗೆಯೋ ಸ್ವಂತವೋ ಎಂದು ಕೇಳಿ ಬರೆದುಕೊಂಡರು. ಆಮೇಲೆ ಫೋನ್ ತೆಗೆದು, ಮನೆಯ ಮುಂದೆ ನಿಲ್ಲಿ, ಒಂದು ಫೋಟೋ ಬೇಕು ಎಂದರು.

ಫೋಟೋ ಎಂದ ಕೂಡಲೇ ನಾನು ಹಿಂದಕ್ಕೆ ಸರಿದೆ. ಯಾರಿಗೆ ಹೋಗುತ್ತದೆ ಈ ಫೋಟೋ ಎಂದು ಕೇಳಿದೆ. ಬ್ಯಾಂಕಿಗೆ ಬಿಟ್ಟು ಬೇರೆ ಯಾರಿಗೆ ಹೋಗುತ್ತಮ್ಮ ಎಂದು ಅವರು ಆಶ್ಚರ್ಯಪಟ್ಟರು. ಬಾಗಿಲ ಚೌಕಟ್ಟು ಹಿಡಿದು ನಿಂತೆ. ತೆಗೆದುಕೊಂಡರು. ನೀರು ಕೇಳಿದರು, ಕೊಟ್ಟೆ. ಹೋದರು. ಅವರು ಹೋದ ಮೇಲೆ ಬಾಗಿಲು ಹಾಕದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಆ ಮನೆಗೆ ಬಂದ ಮೇಲೆ ಹಗಲಿನಲ್ಲಿ ಬಾಗಿಲು ತೆರೆದಿಟ್ಟು ಕೂತದ್ದು ಅದೇ ಮೊದಲು.

ಸಾಲ ಮಂಜೂರಾಯಿತು. ಸಹಿ ಹಾಕುವ ದಿನ ನಾನು ಒಂದೊಂದು ಪುಟವನ್ನೂ ಓದುತ್ತಾ, ಅರ್ಥವಾಗದ್ದನ್ನು ಕೇಳುತ್ತಾ ಕೂತೆ. ಬ್ಯಾಂಕಿನ ಮೇಡಂ ಮಧ್ಯದಲ್ಲಿ ಊಟ ಮುಗಿಸಿಯೇ ಬಂದರು. ಕಾರಿಗೆ ಎರಡನೆಯ ಬ್ರೇಕನ್ನು ಬಾಪೂಜಿ ನಗರದ ಒಂದು ಗ್ಯಾರೇಜಿನಲ್ಲಿ ಕೂರಿಸಿದರು. ಹೊಸ ಬೋರ್ಡು ಬರೆಸಿಲ್ಲ, ಕೋಣೆ ಮಾಡಿಲ್ಲ. ಒಬ್ಬರಿಂದ ಒಬ್ಬರು ಕೇಳಿಕೊಂಡು ಬರುತ್ತಾರೆ. ಆಂಟಿ ಈಗ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಆಸ್ಪತ್ರೆಗೆ ಹೋಗಿ ಬರುತ್ತಾರೆ. ಗೇರು ಹಾಕುವಾಗ ಈಗಲೂ ಕೆಳಗೆ ನೋಡುತ್ತಾರಂತೆ.

ಮೊದಲ ಕಂತಿನ ದಿನ ನಾನು ಯಾವ ಕ್ಲಾಸನ್ನೂ ಇಟ್ಟುಕೊಳ್ಳಲಿಲ್ಲ. ಖಾತೆಯಲ್ಲಿ ದುಡ್ಡು ಇತ್ತು, ಹಿಂದಿನ ವಾರವೇ ಹಾಕಿ ಮತ್ತೆ ಮತ್ತೆ ನೋಡಿದ್ದೆ. ಆದರೂ ಬೆಳಗ್ಗೆಯಿಂದ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ಓಡಾಡಿದೆ. ಭಾನುವಾರವಲ್ಲದಿದ್ದರೂ ಗಂಡನಿಗೆ ವಾರದ ರಜೆ ಅಂದೇ ಬಂದಿತ್ತು. ಅವರು ಮಧ್ಯಾಹ್ನ ಊಟಕ್ಕೆ ಕೂತಾಗ ಮೆಸೇಜು ಬಂತು. ಅಕ್ಷರ ಒಂದರೊಳಗೊಂದು ಸೇರಿಕೊಂಡಂತೆ ಕಂಡಿತು. ಎರಡು ಸಲ ಓದಿದ ಮೇಲೆ, ಕಂತು ಹೋಯ್ತಂತೆ ರೀ ಎಂದೆ.

ಅವರು ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಬದಿಗೆ ಒತ್ತಿಕೊಂಡು, "ಸರಿ, ಮಜ್ಜಿಗೆ ಹಾಕು" ಎಂದರು.